ಇನ್ನೂರೊಂದು ಅಂಕಿಗಳ ಒಂದು ಸಂಖ್ಯೆ

ಕನ್ನಡ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಕನ್ನಡಿಗರ ಹಿರಿಮೆಯನ್ನು ಎಣಿಸುವ ಘಟ್ಟ ಬಂದಾಗ ಬೆಂಗಳೂರಿನ ಶಕುಂತಲಾದೇವಿಯವರ ಹೆಸರು ತಪ್ಪದೆ ಕೇಳಿಬರುತ್ತದೆ. ಇನ್ನೂರೊಂದು ಅಂಕಿಗಳ ಸಂಖ್ಯೆಯೊಂದನ್ನು ಕೊಟ್ಟು ಅದರ ಇಪ್ಪತ್ತಮೂರನೆಯ ಮೂಲವನ್ನು ಕೇಳಿದಾಗ ಐವತ್ತೇ ಸೆಕೆಂಡುಗಳಲ್ಲಿ ಉತ್ತರ ಹೇಳಿ ಗಣಕಯಂತ್ರವನ್ನೇ ಸೋಲಿಸಿದ ಮಹಿಳೆ ಎಂದು ಭಾಷಣಕಾರರು ಬಣ್ಣಿಸುತ್ತಾರೆ; ಸಭೆ ಚಪ್ಪಾಳೆ ತಟ್ಟುತ್ತದೆ. ಆದರೆ ಆ ಸಂಖ್ಯೆ ಯಾವುದು, ಅದರ ಸ್ವಭಾವ ಎಂಥದು, ಇಪ್ಪತ್ತಮೂರನೆಯ ಮೂಲವೆಂದರೇನು ಎಂದು ಕೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ. ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳಾದರೋ, ಇದೆಲ್ಲ ದೇವರು ಕೊಟ್ಟ ವರ, ನಮ್ಮಂಥವರಿಗೆ ದಕ್ಕುವಂಥದಲ್ಲ ಎಂಬ ಒಂದೇ ಭಾವನೆಯನ್ನು ಹೊತ್ತು ಮನೆಗೆ ಮರಳುತ್ತಾರೆ. ಈ ಭಾವನೆಯೇ ನನ್ನನ್ನು ಈ ಲೇಖನಕ್ಕೆ ಪ್ರೇರೇಪಿಸಿತು.

ಸ್ಮರಣಸಂಚಿಕೆಯ ಬೇರೆ ಪುಟಗಳಲ್ಲಿ ವೈದ್ಯಮಿತ್ರರು ರಕ್ತದೊತ್ತಡ, ಮಧುಮೇಹ, ಮೊಣಕಾಲುನೋವುಗಳ ವಿಷಯದಲ್ಲಿ ಬರೆಯುವರು. ನಾನು ವಾಣಿಜ್ಯಶಾಸ್ತ್ರದ ಪದವೀಧರ, ಬ್ಯಾಂಕಿನ ನೌಕರ, ಗಣಿತಜ್ಞನಲ್ಲ. ಆದುದರಿಂದ ಬ್ಯಾಂಕಿನ ಮೇಜಿನ ಮೇಲೆ ದಿನವೂ ಬಳಕೆಯಾಗುವಷ್ಟು ಗಣಿತದಿಂದಲೇ ಆ ಸಂಖ್ಯೆಯನ್ನು ಪರಿಶೀಲಿಸಲು ಯತ್ನಿಸುತ್ತೇನೆ. ಓದುಗರು ಒಂದು ಪೆನ್ಸಿಲನ್ನು ಕೈಯಲ್ಲಿ ಹಿಡಿದು ಕುಳಿತರೆ ಇನ್ನೂ ಒಳ್ಳೆಯದು.

ಮೊದಲು ಸಂಗತಿಗಳು. ಶಕುಂತಲಾದೇವಿಯವರು ಹುಟ್ಟಿದ್ದು 1929ರ ನವೆಂಬರ್ 4ರಂದು, ಬೆಂಗಳೂರಿನ ಕನ್ನಡ ಬ್ರಾಹ್ಮಣ ಕುಟುಂಬವೊಂದರಲ್ಲಿ. ತಂದೆ ಪೌರೋಹಿತ್ಯವನ್ನು ಒಲ್ಲದೆ ಸರ್ಕಸ್ ಸೇರಿದವರು. ಇಸ್ಪೀಟೆಲೆಗಳ ಆಟ ಕಲಿಸುವಾಗ ಪುಟ್ಟ ಮಗಳ ಜ್ಞಾಪಕಶಕ್ತಿ ತಂದೆಯ ಕಣ್ಣಿಗೆ ಬಿತ್ತು. ಆರನೆಯ ವಯಸ್ಸಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆಕೆಯ ಪ್ರದರ್ಶನ ನಡೆಯಿತು. ಕ್ರಮಬದ್ಧ ಶಾಲಾ ಶಿಕ್ಷಣ ಮಾತ್ರ ಆಕೆಗೆ ದೊರೆಯಲಿಲ್ಲ. 1944ರಲ್ಲಿ ತಂದೆಯೊಡನೆ ಲಂಡನ್ನಿಗೆ ಹೋದರು. ನಮ್ಮ ಮುಂಬಯಿಗೂ ಅವರಿಗೂ ನಂಟಿತ್ತು. 1980ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬಯಿ ಮತ್ತು ಮೇದಕ್, ಈ ಎರಡೂ ಕ್ಷೇತ್ರಗಳಿಂದ ಪಕ್ಷೇತರರಾಗಿ ನಿಂತಿದ್ದರು. 2013ರ ಏಪ್ರಿಲ್ 21ರಂದು ಬೆಂಗಳೂರಿನಲ್ಲಿಯೇ ತೀರಿಕೊಂಡರು.

ನಾವು ಹೇಳುತ್ತಿರುವ ಘಟನೆ 1977ರದು. ಅಮೆರಿಕದ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾನಿಲಯದಲ್ಲಿ 201 ಅಂಕಿಗಳ ಆ ಸಂಖ್ಯೆಯನ್ನು ಆಕೆಯ ಮುಂದಿಡಲಾಯಿತು. ಅದು 916748676 ಎಂಬ ಒಂಬತ್ತು ಅಂಕಿಗಳಿಂದ ಆರಂಭವಾಗಿ 806771 ಎಂಬ ಆರು ಅಂಕಿಗಳಲ್ಲಿ ಮುಗಿಯುತ್ತದೆ. ನಡುವಿನ 186 ಅಂಕಿಗಳನ್ನು ಅಚ್ಚು ಹಾಕಿಸಿ ಸಂಪಾದಕರ ತಾಳ್ಮೆಯನ್ನು ನಾನು ಪರೀಕ್ಷಿಸುವುದಿಲ್ಲ. ಅವುಗಳ ಅಗತ್ಯವೂ ಹೆಚ್ಚಿಲ್ಲವೆಂಬುದು ಮುಂದೆ ತಿಳಿಯುತ್ತದೆ. ಆಕೆ ಕೊಟ್ಟ ಉತ್ತರ 54,63,72,891. ಅಂದರೆ ಐವತ್ತನಾಲ್ಕು ಕೋಟಿ ಅರುವತ್ತಮೂರು ಲಕ್ಷ ಎಪ್ಪತ್ತೆರಡು ಸಾವಿರದ ಎಂಟುನೂರ ತೊಂಬತ್ತೊಂದು. ಈ ಸಂಖ್ಯೆಯನ್ನು ಇಪ್ಪತ್ತಮೂರು ಸಲ ಬರೆದು ಒಂದಕ್ಕೊಂದು ಗುಣಿಸಿದರೆ ಆ 201 ಅಂಕಿಗಳ ಬೃಹತ್ ಸಂಖ್ಯೆ ಬರುತ್ತದೆ.

ಎಷ್ಟು ಬೃಹತ್ತು? ಸೆಕೆಂಡಿಗೊಂದು ಅಂಕಿಯಂತೆ ಓದಿದರೆ ಮೂರು ನಿಮಿಷ ಇಪ್ಪತ್ತೊಂದು ಸೆಕೆಂಡು ಬೇಕು. ಬದಲಾಪುರ ಬಿಟ್ಟ ಲೋಕಲ್ ಗಾಡಿ ಅಂಬರನಾಥ ತಲುಪುವ ಮುನ್ನ ಓದಿ ಮುಗಿಸಬಹುದು. ಆದರೆ ಅದರ ಬೆಲೆಯನ್ನು ಊಹಿಸುವುದು ಅಷ್ಟು ಸುಲಭವಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ನಮ್ಮ ನಾಡಿನ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಏಕ, ದಶ, ಶತ ಎಂದು ಮೊದಲು ಮಾಡಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಕೊನೆಯ ಸ್ಥಾನದ ಹೆಸರು ‘ಮಹಾಕ್ಷೋಭ’. ಕ್ಷೋಭೆ ಎಂಬ ಹೆಸರು ಅಲ್ಲಿಗೆ ಒಪ್ಪುತ್ತದೆ. ನಮ್ಮ ಸಂಖ್ಯೆಯಾದರೋ ಮಹಾಕ್ಷೋಭವನ್ನು ದಾಟಿ ಇನ್ನೂ 177 ಸ್ಥಾನಗಳಷ್ಟು ಎಡಕ್ಕೆ ಹೋಗುತ್ತದೆ. ದೃಶ್ಯ ವಿಶ್ವದಲ್ಲಿರುವ ಪರಮಾಣುಗಳ ಸಂಖ್ಯೆಗೆ ವಿಜ್ಞಾನಿಗಳು ಹಾಕುವ ಅಂದಾಜು ಎಂಬತ್ತು ಅಂಕಿಗಳ ಆಸುಪಾಸಿನಲ್ಲಿಯೇ ನಿಂತುಬಿಡುತ್ತದೆ.

ಇಷ್ಟು ಕೇಳಿದ ಮೇಲೆ ಯಾರಿಗಾದರೂ ಎದೆ ನಡುಗುವುದು ಸಹಜ. ಆದರೆ ಸಂಖ್ಯೆಯ ಗಾತ್ರ ಬೇರೆ, ಲೆಕ್ಕದ ಕಷ್ಟ ಬೇರೆ. ಈ ವ್ಯತ್ಯಾಸವನ್ನು ತಿಳಿಯಲು ಚಕ್ರಬಡ್ಡಿಗಿಂತ ಒಳ್ಳೆಯ ಉದಾಹರಣೆ ನನಗೆ ತೋರದು.

ಬ್ಯಾಂಕಿನಲ್ಲಿ ಇಟ್ಟ ಹಣವು ವರ್ಷಕ್ಕೊಮ್ಮೆ ಬಡ್ಡಿ ಸೇರಿ ಬೆಳೆಯುತ್ತದೆಂದು ಭಾವಿಸಿರಿ. ನೂರಕ್ಕೆ ಹತ್ತರ ದರವಾದರೆ ಪ್ರತಿ ವರ್ಷವೂ ಮೊತ್ತವನ್ನು 1.10ರಿಂದ ಗುಣಿಸಬೇಕು; ಇಪ್ಪತ್ತಮೂರು ವರ್ಷವಾದರೆ 1.10ನ್ನು ಇಪ್ಪತ್ತಮೂರು ಸಲ ಗುಣಿಸಬೇಕು. ಈಗ ಲೆಕ್ಕವನ್ನು ತಿರುವು ಮುರುವು ಮಾಡಿರಿ. ‘ಹತ್ತು ಸಾವಿರ ರೂಪಾಯಿ ಇಪ್ಪತ್ತಮೂರು ವರ್ಷಗಳಲ್ಲಿ ಒಂದು ಲಕ್ಷವಾಯಿತು, ಬಡ್ಡಿಯ ದರವೆಷ್ಟು?’ ಎಂದು ಗ್ರಾಹಕರೊಬ್ಬರು ಕೇಳಿದರೆ ನಾವು ಕಂಡುಹಿಡಿಯಬೇಕಾದುದು ಹತ್ತರ ಇಪ್ಪತ್ತಮೂರನೆಯ ಮೂಲವನ್ನೇ. ಅದು 1.1053, ಅಂದರೆ ದರ ನೂರಕ್ಕೆ 10.53. ಡಲ್ಲಾಸಿನ ಪ್ರಶ್ನೆಗೂ ಇದಕ್ಕೂ ಜಾತಿಯಲ್ಲಿ ಭೇದವಿಲ್ಲ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ‘ನಿಮ್ಮ ಹಣ ಹತ್ತು ಪಟ್ಟು’ ಎಂಬ ಜಾಹೀರಾತುಗಳು ನಿವೃತ್ತರ ಮನೆಬಾಗಿಲಿಗೆ ಬರುತ್ತಲೇ ಇರುತ್ತವೆ. ಇಪ್ಪತ್ತಮೂರು ವರ್ಷಗಳಲ್ಲಿ ಹತ್ತು ಪಟ್ಟೆಂದರೆ ನೂರಕ್ಕೆ ಹತ್ತೂವರೆಯ ಬಡ್ಡಿ. ಕೇಳಲು ಭಾರಿ ಎನಿಸಿದರೂ ಅಸಂಭವವಲ್ಲ. ಅದೇ ಹತ್ತು ಪಟ್ಟು ಐದೇ ವರ್ಷಗಳಲ್ಲಿ ಎಂದರೆ ಹತ್ತರ ಐದನೆಯ ಮೂಲ 1.585, ದರ ನೂರಕ್ಕೆ ಐವತ್ತೆಂಟೂವರೆ! ಅಷ್ಟು ಬಡ್ಡಿಯನ್ನು ನ್ಯಾಯವಾಗಿ ಗಳಿಸಿಕೊಡುವ ಉದ್ಯಮ ಯಾವುದು? ಐದು ವರ್ಷಗಳಲ್ಲಿ ಇಮ್ಮಡಿ ಎಂಬುದು ಕೂಡ ನೂರಕ್ಕೆ 14.87ರ ದರವನ್ನು ಬೇಡುತ್ತದೆ. ಮೂಲವನ್ನು ತೆಗೆಯಲು ಬಾರದವರಿಗೆ ಈ ಮೂರೂ ಮಾತುಗಳು ಒಂದೇ ತೆರನಾಗಿ ಕೇಳಿಸುತ್ತವೆ. ಮೋಸಗಾರನ ವ್ಯಾಪಾರ ನಡೆಯುವುದು ಇಲ್ಲಿಯೇ. ಘಾತಮೂಲವೆಂಬುದು ವೇದಿಕೆಯ ಮೇಲಿನ ಚಮತ್ಕಾರವಷ್ಟೇ ಎಂದು ತಿಳಿದವರು ತಮ್ಮ ಭವಿಷ್ಯನಿಧಿಯನ್ನು ಕಳೆದುಕೊಳ್ಳುವ ಸಂಭವವಿದೆ.

ಪ್ರಕೃತಕ್ಕೆ ಬರೋಣ. ಹತ್ತರ ಇಪ್ಪತ್ತಮೂರನೆಯ ಮೂಲ 1.1053 ಎಂಬುದರಿಂದ ಒಂದು ದೊಡ್ಡ ಗುಟ್ಟು ಹೊರಬೀಳುತ್ತದೆ. 201 ಅಂಕಿಗಳ ಅತ್ಯಂತ ಚಿಕ್ಕ ಸಂಖ್ಯೆಗೂ ಅತ್ಯಂತ ದೊಡ್ಡ ಸಂಖ್ಯೆಗೂ ಹತ್ತು ಪಟ್ಟಿನ ಅಂತರ. ಆದರೆ ಅವುಗಳ ಮೂಲಗಳ ನಡುವೆ ಇರುವುದು ನೂರಕ್ಕೆ ಹತ್ತೂವರೆಯ ಅಂತರ ಮಾತ್ರ. ಚಿಕ್ಕದರ ಮೂಲ ಸುಮಾರು 49.62 ಕೋಟಿ, ದೊಡ್ಡದರ ಮೂಲ ಸುಮಾರು 54.84 ಕೋಟಿ. ಅಂದಮೇಲೆ ಸಂಖ್ಯೆಯ ಒಂದೇ ಒಂದು ಅಂಕಿಯನ್ನೂ ನೋಡುವ ಮೊದಲೇ, ಅದರಲ್ಲಿ 201 ಅಂಕಿಗಳಿವೆ ಎಂಬ ಮಾತಿನಿಂದಲೇ, ಉತ್ತರ ಒಂಬತ್ತು ಅಂಕಿಗಳದೆಂದೂ ಅದರ ಮೊದಲ ಎರಡು ಅಂಕಿಗಳು 49ರಿಂದ 54ರ ಒಳಗಿನವೆಂದೂ ನಿರ್ಧಾರವಾಗಿಬಿಡುತ್ತದೆ. 201 ಅಂಕಿಗಳ ಲೆಕ್ಕವಿಲ್ಲದಷ್ಟು ಸಂಖ್ಯೆಗಳಲ್ಲಿ ಇಪ್ಪತ್ತಮೂರನೆಯ ಪೂರ್ಣಘಾತಗಳು ಇರುವುದು ಸುಮಾರು 5.22 ಕೋಟಿ ಮಾತ್ರ. ಉತ್ತರ ಪೂರ್ಣಾಂಕವೆಂದು ಪ್ರಶ್ನೆ ಕೇಳಿದವರು ಮೊದಲೇ ಭರವಸೆ ಕೊಟ್ಟಿದ್ದಾರೆ. ಆ ಭರವಸೆಯಲ್ಲಿಯೇ ಅರ್ಧ ಉತ್ತರ ಅಡಗಿದೆ.

ಇನ್ನು ಸಂಖ್ಯೆಯ ಬಾಲವನ್ನು ಹಿಡಿಯೋಣ. ಯಾವುದೇ ಸಂಖ್ಯೆಯನ್ನು ಅದರಿಂದಲೇ ಮತ್ತೆ ಮತ್ತೆ ಗುಣಿಸುತ್ತ ಹೋದರೆ ಬಿಡಿಸ್ಥಾನದ ಅಂಕಿ ನಾಲ್ಕು ಹೆಜ್ಜೆಗೊಮ್ಮೆ ಮರುಕಳಿಸುತ್ತದೆ. 7ನ್ನು ತೆಗೆದುಕೊಂಡರೆ 7, 9, 3, 1, ಮತ್ತೆ 7, 9, 3, 1. ಇಪ್ಪತ್ತು ಹೆಜ್ಜೆಗಳಲ್ಲಿ ಈ ಚಕ್ರ ಐದು ಸಲ ಪೂರ್ತಿಯಾಗಿ ಸುತ್ತುತ್ತದೆ. ಉಳಿಯುವುದು ಮೂರು ಹೆಜ್ಜೆ. ಆದ್ದರಿಂದ ಇಪ್ಪತ್ತಮೂರನೆಯ ಘಾತದ ಕೊನೆಯ ಅಂಕಿಯೂ ಘನದ ಕೊನೆಯ ಅಂಕಿಯೂ ಒಂದೇ. ಘನದ ವಿಷಯದಲ್ಲಿ ಸೃಷ್ಟಿಯೇ ನಮಗೆ ಅನುಕೂಲವಾಗಿದೆ. 1ರ ಘನ 1ರಲ್ಲಿ, 2ರದು 8ರಲ್ಲಿ, 3ರದು 7ರಲ್ಲಿ, 7ರದು 3ರಲ್ಲಿ, 8ರದು 2ರಲ್ಲಿ ಮುಗಿಯುತ್ತದೆ. 4, 5, 6, 9 ಮತ್ತು ಸೊನ್ನೆ ತಮ್ಮಲ್ಲಿಯೇ ಮುಗಿಯುತ್ತವೆ. ಯಾವ ಎರಡು ಅಂಕಿಗಳಿಗೂ ಒಂದೇ ಅಂತ್ಯವಿಲ್ಲ. ವರ್ಗಮೂಲದಲ್ಲಿ ಈ ಸೌಕರ್ಯವಿಲ್ಲ. 1ರ ವರ್ಗವೂ 9ರ ವರ್ಗವೂ 1ರಲ್ಲಿಯೇ ಮುಗಿದು ಗೊಂದಲವಾಗುತ್ತದೆ. ದೊಡ್ಡ ಸಂಖ್ಯೆಯ ವರ್ಗಮೂಲಕ್ಕಿಂತ ಇಪ್ಪತ್ತಮೂರನೆಯ ಮೂಲವೇ ಸುಲಭವೆಂದರೆ ನಂಬುವುದು ಕಷ್ಟ, ಆದರೆ ಮಾತು ನಿಜ.

ನಮ್ಮ ಸಂಖ್ಯೆ 1ರಲ್ಲಿ ಮುಗಿಯುವುದರಿಂದ ಮೂಲವೂ 1ರಲ್ಲಿಯೇ ಮುಗಿಯಬೇಕು. ಇದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, 2ರಿಂದಲೂ 5ರಿಂದಲೂ ಭಾಗವಾಗದ ಸಂಖ್ಯೆಗಳಲ್ಲಿ ಕೊನೆಯ ಎರಡು ಅಂಕಿಗಳು ಇಪ್ಪತ್ತು ಹೆಜ್ಜೆಗೊಮ್ಮೆ ಮರುಕಳಿಸುತ್ತವೆ. ಇಪ್ಪತ್ತಮೂರರಲ್ಲಿ ಇಪ್ಪತ್ತು ಹೋದರೆ ಮತ್ತೆ ಮೂರು! ಆದುದರಿಂದ ಕೊನೆಯ ಎರಡು ಅಂಕಿಗಳೂ ಘನದವೇ. ಬೃಹತ್ ಸಂಖ್ಯೆ 71ರಲ್ಲಿ ಮುಗಿಯುತ್ತದೆ. ಘನವು 71ರಲ್ಲಿ ಮುಗಿಯುವ ಎರಡಂಕಿಯ ಸಂಖ್ಯೆ 91 ಒಂದೇ. 91ನ್ನು ಮೂರು ಸಲ ಗುಣಿಸಿ ನೋಡಿರಿ: 7,53,571. ಇಂಥ ಅಂತ್ಯಗಳು ಒಟ್ಟು ನಲವತ್ತು. ಮಗ್ಗಿ ಬಾಯಿಪಾಠ ಮಾಡಿದವರಿಗೆ ಈ ನಲವತ್ತು ಹೊರೆಯಲ್ಲ. ಕೊನೆಯ ಮೂರು ಅಂಕಿಗಳಿಗೂ ಇಂಥದೇ ಪಟ್ಟಿಯೊಂದನ್ನು ಮಾಡಬಹುದು. ಅದರಲ್ಲಿ ನಾನೂರು ಸಾಲುಗಳಿರುತ್ತವೆ, ಒಂದು ಅಂತ್ಯಕ್ಕೆ ಒಂದೇ ಉತ್ತರ. 771 ಎಂಬ ಅಂತ್ಯದ ಎದುರಿಗೆ ಬರುವುದು 891. ಮೂಲದ ಒಂಬತ್ತು ಅಂಕಿಗಳಲ್ಲಿ ಮೂರು ಹೀಗೆ ಬಾಲದಿಂದಲೇ ಕೈಗೆ ಬಂದುವು.

ತಲೆಯ ಕಡೆಯಿಂದ ನೆರವಿಗೆ ಬರುವುದು ಲಾಗರಿದಮ್. ಕ್ಯಾಲ್ಕ್ಯುಲೇಟರ್ ಕೊಡದೆ ಲಾಗ್ ಟೇಬಲ್ ಕೊಟ್ಟು ನಮ್ಮನ್ನು ಪರೀಕ್ಷೆಗೆ ಕೂರಿಸುತ್ತಿದ್ದ ದಿನಗಳನ್ನು ಓದುಗರಲ್ಲಿ ಅನೇಕರು ಮರೆತಿರಲಾರರು. ಗುಣಾಕಾರವನ್ನು ಕೂಡಿಸುವುದಕ್ಕೂ, ಘಾತಮೂಲವನ್ನು ಭಾಗಿಸುವುದಕ್ಕೂ ಇಳಿಸುವುದು ಆ ಕೋಷ್ಟಕದ ಮಹಿಮೆ. ನಮ್ಮ ಸಂಖ್ಯೆಯ ಲಾಗ್, ಐದು ದಶಮಾಂಶ ಸ್ಥಾನಗಳವರೆಗೆ, 200.96225. ಇದನ್ನು 23ರಿಂದ ಭಾಗಿಸಿದರೆ 8.73748913. ಯಾವ ಸಂಖ್ಯೆಗೆ ಇದು ಲಾಗ್ ಆಗುವುದೋ ಅದು 54,63,72,875ರ ಆಸುಪಾಸಿನಲ್ಲಿದೆ. ಸಮೀಪದಲ್ಲಿ 891ರಲ್ಲಿ ಮುಗಿಯುವ ಸಂಖ್ಯೆ ಯಾವುದು? 54,63,72,891. ಅದೇ ಉತ್ತರ.

ಇಲ್ಲಿ ಹದಿನಾರರಷ್ಟೇ ವ್ಯತ್ಯಾಸ ಬಂದುದು ಸ್ವಲ್ಪ ಅದೃಷ್ಟದಿಂದ. ಐದು ಸ್ಥಾನಗಳ ಲಾಗ್ ಬಳಸಿದಾಗ ಹೆಚ್ಚೆಂದರೆ 273ರಷ್ಟು ವ್ಯತ್ಯಾಸ ಬರಬಹುದು. ಕೊನೆಯ ಮೂರು ಅಂಕಿಗಳು ತಿಳಿದಿರುವಾಗ ಅದರಿಂದ ಬಾಧಕವಿಲ್ಲ, ಏಕೆಂದರೆ 891ರಲ್ಲಿ ಮುಗಿಯುವ ಸಂಖ್ಯೆಗಳು ಸಾವಿರಕ್ಕೊಂದರಂತೆ ಬರುತ್ತವೆ. ಲಾಗ್ ತೆಗೆಯುವಲ್ಲಿ ಆಗುವ ತಪ್ಪೂ ಕೂಡ 23ರಿಂದ ಭಾಗಿಸಲ್ಪಟ್ಟು ಕುಗ್ಗಿಹೋಗುತ್ತದೆಂಬುದನ್ನು ಗಮನಿಸಬೇಕು. ಮೂಲದ ದರ್ಜೆ ದೊಡ್ಡದಾದಷ್ಟೂ ತಪ್ಪಿಗೆ ಕ್ಷಮೆ ಹೆಚ್ಚು.

ಶಕುಂತಲಾದೇವಿಯವರು ಹೀಗೆಯೇ ಮಾಡಿದರೆಂದು ನಾನು ಹೇಳುತ್ತಿಲ್ಲ. ಸಂಖ್ಯೆ ತನ್ನೊಳಗೆ ಇಂಥ ದಾರಿಗಳನ್ನು ಇಟ್ಟುಕೊಂಡಿದೆ ಎಂದಷ್ಟೇ ನನ್ನ ವಾದ. ಎಷ್ಟರಮಟ್ಟಿಗೆಂದರೆ, 201 ಅಂಕಿಗಳಲ್ಲಿ ಮೊದಲ ಒಂಬತ್ತು ಅಂಕಿಗಳೇ ಉತ್ತರವನ್ನು ಪೂರ್ತಿಯಾಗಿ ನಿರ್ಧರಿಸಬಲ್ಲವು. 54,63,72,891ರ ಬದಲು ಅದರ ಮುಂದಿನ ಸಂಖ್ಯೆ 54,63,72,892ನ್ನು ತೆಗೆದುಕೊಂಡರೆ ಅದರ ಇಪ್ಪತ್ತಮೂರನೆಯ ಘಾತ 916748715 ಎಂದು ಆರಂಭವಾಗುತ್ತದೆ. ಏಳನೆಯ ಅಂಕಿ ಆಗಲೇ ಬೇರೆಯಾಯಿತು. ಉಳಿದ 192 ಅಂಕಿಗಳು ಹೊಸದಾಗಿ ಏನನ್ನೂ ಹೇಳುವುದಿಲ್ಲ. ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯುವಂತೆ ಹೇಳಿದುದನ್ನೇ ಮತ್ತೆ ಹೇಳುತ್ತವೆ.

ಹಾಗೆಂದು ಸಂಖ್ಯೆಯ ಸೊಗಸು ಮುಗಿಯಿತೆಂದಲ್ಲ. 546372891 ಎಂಬುದನ್ನು ಇನ್ನೊಮ್ಮೆ ನೋಡಿರಿ. 1ರಿಂದ 9ರವರೆಗಿನ ಎಲ್ಲ ಅಂಕಿಗಳೂ ಅದರಲ್ಲಿವೆ, ಒಂದೊಂದೇ ಸಲ! ಇದು ಆಕಸ್ಮಿಕವಿರಲಾರದು, ಪ್ರಶ್ನೆ ಸಿದ್ಧಮಾಡಿದವರು ಒಂಬತ್ತು ಅಂಕಿಗಳನ್ನು ಕಲಸಿ ಸಾಲಾಗಿ ಬರೆದಂತೆ ತೋರುತ್ತದೆ. ಅಂಕಿಗಳ ಮೊತ್ತ 45 ಆದುದರಿಂದ ಅದು 9ರಿಂದ ಭಾಗವಾಗುತ್ತದೆ. ಭಾಗಿಸಿ ನೋಡಿದರೆ 27ರಿಂದಲೂ ಭಾಗವಾಗುತ್ತದೆ, ಭಾಗಲಬ್ಧ 2,02,36,033. ಅಲ್ಲಿಂದ ಮುಂದೆ 3ಕ್ಕೆ ಪ್ರವೇಶವಿಲ್ಲ. 27ರಲ್ಲಿ ಮೂರು 3ಗಳಿವೆ; ಅಂದಮೇಲೆ ಬೃಹತ್ ಸಂಖ್ಯೆಯನ್ನು 3ರಿಂದ ಅರುವತ್ತೊಂಬತ್ತು ಸಲ ಶೇಷವಿಲ್ಲದೆ ಭಾಗಿಸಬಹುದು, ಎಪ್ಪತ್ತನೆಯ ಸಲ ಸಾಧ್ಯವಿಲ್ಲ. ಬೃಹತ್ ಸಂಖ್ಯೆಯ ಮುಖವನ್ನು ನೋಡದೆಯೇ ಇಷ್ಟನ್ನು ಹೇಳಬಹುದೆಂಬುದೇ ನನಗೆ ವಿಸ್ಮಯ.

ಇನ್ನೊಂದು ಗುಣವನ್ನು ಫ್ರಾನ್ಸಿನ ಪಿಯರ್ ದ ಫರ್ಮಾ 1640ರಲ್ಲಿ ತೋರಿಸಿಕೊಟ್ಟ ನಿಯಮದಿಂದ ಕಾಣಬಹುದು. ಫರ್ಮಾ ವೃತ್ತಿಯಿಂದ ನ್ಯಾಯಾಲಯದ ಅಧಿಕಾರಿ. ಬಿಡುವಿನ ವೇಳೆಯಲ್ಲಿ ಗಣಿತವನ್ನು ಮಾಡಿದವನೆಂಬ ಕಾರಣದಿಂದ ಅವನ ಮೇಲೆ ನನಗೆ ವಿಶೇಷ ಮಮತೆ. 23 ಅವಿಭಾಜ್ಯ ಸಂಖ್ಯೆಯಾದುದರಿಂದ, ಯಾವುದೇ ಪೂರ್ಣಾಂಕವನ್ನು 23ರಿಂದ ಭಾಗಿಸಿದಾಗ ಬರುವ ಶೇಷವೂ ಅದರ ಇಪ್ಪತ್ತಮೂರನೆಯ ಘಾತವನ್ನು 23ರಿಂದ ಭಾಗಿಸಿದಾಗ ಬರುವ ಶೇಷವೂ ಒಂದೇ ಆಗಿರುತ್ತವೆ. 23ನ್ನು 2,37,55,343ರಿಂದ ಗುಣಿಸಿದರೆ 54,63,72,889. ಆದ್ದರಿಂದ ನಮ್ಮ ಮೂಲದ ಶೇಷ 2. ಆ 201 ಅಂಕಿಗಳ ಸಂಖ್ಯೆಯ ಶೇಷವೂ 2. ಒಂಬತ್ತಂಕಿಯ ತಾಯಿಯ ಗುರುತು ಇನ್ನೂರೊಂದು ಅಂಕಿಯ ಮಗುವಿನಲ್ಲಿ ಹಾಗೆಯೇ ಉಳಿದಿದೆ.

ಒಂದೇ ಸಂಖ್ಯೆಯ ಗುಣಸ್ವಭಾವಗಳನ್ನು ಹೀಗೆ ಪ್ರೀತಿಯಿಂದ ಅರಸುವ ಪರಂಪರೆ ನಮ್ಮ ಈ ಪ್ರಾಂತ್ಯಕ್ಕೂ ಹೊಸದಲ್ಲ. 1905ರಲ್ಲಿ ಡಹಾಣುವಿನಲ್ಲಿ ಹುಟ್ಟಿ, ಠಾಣೆಯಲ್ಲಿ ಪ್ರೌಢಶಾಲೆ ಓದಿ, ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರು 6174 ಎಂಬ ಸಂಖ್ಯೆಯಿಂದ ಜಗತ್ಪ್ರಸಿದ್ಧರಾದರು. ಅದರ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು ಏರಿಕೆಯ ಕ್ರಮದ್ದನ್ನು ಕಳೆದರೆ, 7641ರಲ್ಲಿ 1467 ಹೋಗಿ, ಮತ್ತೆ 6174 ಉಳಿಯುತ್ತದೆ. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವ ನಾಲ್ಕಂಕಿಯ ಸಂಖ್ಯೆಯಾದರೂ ಏಳು ಸಲದೊಳಗೆ ಇಲ್ಲಿಗೇ ಬಂದು ಸೇರುತ್ತದೆ. ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿದ ದಿನ ಪ್ರಯತ್ನಿಸಿ ನೋಡಬಹುದು.

ಡಲ್ಲಾಸಿನ ಗಣಕಯಂತ್ರದ ಮಾತಿಗೆ ಬಂದರೆ, ಆಕೆಯ ಉತ್ತರವನ್ನು ಅಮೆರಿಕದ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಸಂಸ್ಥೆಯಲ್ಲಿ ಯೂನಿವ್ಯಾಕ್ 1101 ಎಂಬ ಯಂತ್ರದಿಂದ ತಾಳೆ ನೋಡಲಾಯಿತೆಂದೂ, ಅದಕ್ಕಾಗಿ ವಿಶೇಷ ಕ್ರಮವಿಧಿಯನ್ನು ಬರೆಯಬೇಕಾಯಿತೆಂದೂ, ಯಂತ್ರಕ್ಕೆ 62 ಸೆಕೆಂಡು ಹಿಡಿಯಿತೆಂದೂ ವರದಿಗಳಿವೆ. ಆ ಹೆಸರಿನ ಯಂತ್ರ 1950ರ ಕಾಲದ್ದು. ಯಂತ್ರದ ಮೇಲಿನ ಈ ವಿಜಯವನ್ನು ನಾವು ಇಷ್ಟು ವರ್ಷ ಮೆರೆಸಿದ್ದು ನನಗೆ ಅಷ್ಟು ಸರಿಯೆನಿಸುವುದಿಲ್ಲ. ಕಣ್ಣೆದುರಿನ ಸಂಖ್ಯೆಯಲ್ಲಿ ಬೇಕಾದುದನ್ನು ಆರಿಸಿ ಬೇಡವಾದುದನ್ನು ಬಿಡುವ ವಿವೇಕ ಮನುಷ್ಯನದು. ಓಟದ ಸ್ಪರ್ಧೆಯಂತೆ ಸೆಕೆಂಡುಗಳನ್ನು ಎಣಿಸಿದರೆ ಆ ವಿವೇಕವೇ ಮರೆಯಾಗುತ್ತದೆ.

ಹಾಗಾದರೆ ಆಕೆಯ ಸಾಧನೆ ಸಣ್ಣದೇ? ಎಂದಿಗೂ ಅಲ್ಲ. ಕಾಗದ, ಕೋಷ್ಟಕ ಯಾವುದೂ ಇಲ್ಲದೆ ಲಾಗನ್ನು ನೆನಪಿನಿಂದ ಎತ್ತಿ, 23ರಿಂದ ಎಂಟು ಸ್ಥಾನಗಳವರೆಗೆ ಭಾಗಿಸಿ, ಅದನ್ನು ಮತ್ತೆ ಸಂಖ್ಯೆಯಾಗಿ ತಿರುಗಿಸುವ ಕೆಲಸವನ್ನು ಐವತ್ತು ಸೆಕೆಂಡುಗಳಲ್ಲಿ ಮಾಡಿ ನೋಡಿರಿ. ನನಗಂತೂ ಕೋಷ್ಟಕವನ್ನು ಇಟ್ಟುಕೊಂಡರೂ ಅರ್ಧ ತಾಸು ಬೇಕು. 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಆಕೆಯನ್ನು ಪರೀಕ್ಷಿಸಿ 1990ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. 6,16,29,875ರ ಘನಮೂಲ 395, 17,08,59,375ರ ಏಳನೆಯ ಮೂಲ 15. ಇಂಥ ಪ್ರಶ್ನೆಗಳನ್ನು ಅವರು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುವ ಮೊದಲೇ ಆಕೆ ಉತ್ತರ ಹೇಳಿಬಿಡುತ್ತಿದ್ದರು. ಆದರೆ ದೀಪ ಹೊತ್ತಿದೊಡನೆ ಗುಂಡಿ ಒತ್ತುವಂಥ ಸಾಮಾನ್ಯ ಪ್ರತಿಕ್ರಿಯಾ ಪರೀಕ್ಷೆಗಳಲ್ಲಿ ಆಕೆಯ ವೇಗದಲ್ಲಿ ಅಸಾಧಾರಣವಾದುದೇನೂ ಕಂಡುಬರಲಿಲ್ಲ. ಈ ಕೊನೆಯ ಮಾತನ್ನು ನಮ್ಮ ವೇದಿಕೆಗಳಲ್ಲಿ ಯಾರೂ ಹೇಳುವುದಿಲ್ಲ. ಮಕ್ಕಳಿಗೆ ಮೊದಲು ಹೇಳಬೇಕಾದುದು ಅದೇ. ಮಿದುಳು ಬೇರೆ ಧಾತುವಿನಿಂದ ಆದುದಲ್ಲ. ಮೂರನೆಯ ವಯಸ್ಸಿನಿಂದ ಸಂಖ್ಯೆಗಳ ಸಹವಾಸದಲ್ಲಿಯೇ ಬಾಳಿದ ಮಿದುಳು ಅದು.

ಗಾತ್ರಕ್ಕೂ ಕಷ್ಟಕ್ಕೂ ಸಂಬಂಧವಿಲ್ಲವೆಂಬ ನನ್ನ ಮಾತಿಗೆ ಇನ್ನೆರಡು ಸಾಕ್ಷಿಗಳಿವೆ. 2007ರ ಡಿಸೆಂಬರಿನಲ್ಲಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಫ್ರಾನ್ಸಿನ ಅಲೆಕ್ಸಿ ಲೆಮೇರ್ ಎಂಬ ತರುಣ 200 ಅಂಕಿಗಳ ಸಂಖ್ಯೆಯ ಹದಿಮೂರನೆಯ ಮೂಲವನ್ನು 70.2 ಸೆಕೆಂಡುಗಳಲ್ಲಿ ಹೇಳಿದನು. ಸಂಖ್ಯೆ ಒಂದಂಕಿ ಚಿಕ್ಕದು, ಮೂಲದ ದರ್ಜೆಯೂ ಚಿಕ್ಕದು. ಆದರೆ ಉತ್ತರ ಹದಿನಾರು ಅಂಕಿಗಳದು. ಅಲ್ಲಿ ಸಂಭವನೀಯ ಉತ್ತರಗಳು 5.22 ಕೋಟಿಯಲ್ಲ, ಸುಮಾರು 3.93 ಕೋಟಿ ಕೋಟಿ. ಹೋಲಿಸಿದರೆ ಅದು ಬಹಳ ಕಠಿಣವಾದ ಲೆಕ್ಕ.

ಎರಡನೆಯ ಸಾಕ್ಷಿ ಶಕುಂತಲಾದೇವಿಯವರದೇ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅಲ್ಲಿನ ಗಣಕ ವಿಭಾಗದವರು ಮನಬಂದಂತೆ ಆರಿಸಿದ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು, 7,686,369,774,870 ಮತ್ತು 2,465,099,745,779, ಆಕೆ 28 ಸೆಕೆಂಡುಗಳಲ್ಲಿ ಗುಣಿಸಿದರು. ಉತ್ತರ 18,947,668,177,995,426,462,773,730. ಇಪ್ಪತ್ತಾರು ಅಂಕಿಗಳು; ಮಹಾವೀರಾಚಾರ್ಯನ ಮಹಾಕ್ಷೋಭವನ್ನು ಎರಡೇ ಸ್ಥಾನಗಳಷ್ಟು ದಾಟಿದ ಸಂಖ್ಯೆ. 201ರ ಮುಂದೆ ಇದು ಕುಬ್ಜವೆನಿಸಬಹುದು. ಆದರೆ ಇಲ್ಲಿ ಪೂರ್ಣಘಾತದ ಭರವಸೆಯಿಲ್ಲ, ಒಂದೂ ಅಂಕಿ ಹೆಚ್ಚುವರಿಯಲ್ಲ, ತಪ್ಪಿಗೆ ಕ್ಷಮೆಯಿಲ್ಲ. ಹದಿಮೂರನ್ನು ಹದಿಮೂರರಿಂದ ಗುಣಿಸಿದರೆ 169 ಬಿಡಿ ಗುಣಾಕಾರಗಳು. ಸೊನ್ನೆಗಳನ್ನು ಬಿಟ್ಟರೂ 144. ಸೆಕೆಂಡಿಗೆ ಐದಕ್ಕಿಂತ ಹೆಚ್ಚು, ಅದರ ಮೇಲೆ ಕೂಡಿಸುವುದು, ದಶಕ ಒಯ್ಯುವುದು, ಉತ್ತರವನ್ನು ಬಾಯಿಬಿಟ್ಟು ಹೇಳುವುದು. ಮನೋಗಣಿತಜ್ಞರ ಇತಿಹಾಸವನ್ನು 1983ರಲ್ಲಿ ಬರೆದ ಸ್ಟೀವನ್ ಸ್ಮಿತ್ ಎಂಬ ಲೇಖಕ ಈ ಸಮಯವನ್ನು ನಂಬುವುದೇ ಕಷ್ಟವೆಂದು ಅಭಿಪ್ರಾಯಪಟ್ಟಿದ್ದಾನೆ. ಸಂಶಯ ಪಡುವ ಹಕ್ಕು ಅವನಿಗಿದೆ. ಆಕೆಯ ಎರಡು ಸಾಧನೆಗಳಲ್ಲಿ ಹಿರಿದು ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ವೇದಿಕೆಗಳಲ್ಲಿ ಮಾತ್ರ ಇನ್ನೂರೊಂದಕ್ಕೇ ಹೆಚ್ಚು ಚಪ್ಪಾಳೆ.

ಸಮಯದ ಮಾತು ಹೇಗೇ ಇರಲಿ, ಉತ್ತರವನ್ನು ನಾವೇ ತಾಳೆ ನೋಡಬಹುದು. ಹಳೆಯ ಕಾಲದ ಗುಮಾಸ್ತರು ಒಂಬತ್ತನ್ನು ತೆಗೆದು ತಾಳೆ ನೋಡುತ್ತಿದ್ದರು. ಮೊದಲ ಸಂಖ್ಯೆಯ ಅಂಕಿಗಳನ್ನು ಕೂಡಿಸಿದರೆ 78, ಅದನ್ನು ಮತ್ತೆ ಕೂಡಿಸಿದರೆ 15, ಮತ್ತೆ 6. ಎರಡನೆಯದರ ಮೊತ್ತ 74, ಅದರಿಂದ 11, ಅದರಿಂದ 2. ಆರೆರಡಲ ಹನ್ನೆರಡು, ಅದರಿಂದ 3. ಉತ್ತರದ ಅಂಕಿಗಳ ಮೊತ್ತ 138. ಅದರಿಂದ 12, ಅದರಿಂದ 3. ಸರಿಹೋಯಿತು.

ಆದರೆ ಈ ತಾಳೆಗೆ ಒಂದು ಕುರುಡುತನವಿದೆ. 5,463 ಎಂದು ಬರೆಯಬೇಕಾದಲ್ಲಿ 5,436 ಎಂದು ಅಂಕಿಗಳು ಅದಲುಬದಲಾದರೆ ಮೊತ್ತ ಬದಲಾಗುವುದಿಲ್ಲ, ತಪ್ಪು ಸಿಕ್ಕುವುದಿಲ್ಲ. ಲೆಕ್ಕಪುಸ್ತಕದಲ್ಲಿ ಅತಿ ಸಾಮಾನ್ಯವಾದ ತಪ್ಪೇ ಇದು. ತಾಳೆಪಟ್ಟಿಯ ವ್ಯತ್ಯಾಸ 9ರಿಂದ ಭಾಗವಾದರೆ ಅದಲುಬದಲನ್ನು ಹುಡುಕು ಎಂದು ಹಿರಿಯರು ನಮಗೆ ಕಲಿಸಿದ್ದು ಇದಕ್ಕಾಗಿಯೇ. ಇದನ್ನು ಹಿಡಿಯುವುದು ಹನ್ನೊಂದರ ತಾಳೆ. ಬಲಗಡೆಯಿಂದ ಆರಂಭಿಸಿ ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿಸುತ್ತ ಕಳೆಯುತ್ತ ಹೋಗಬೇಕು. ಶಕುಂತಲಾದೇವಿಯವರ ಎರಡನೆಯ ಸಂಖ್ಯೆ 2465099745779ಕ್ಕೆ ಹೀಗೆ ಮಾಡಿದರೆ ಸೊನ್ನೆ ಉಳಿಯುತ್ತದೆ, ಎಂದರೆ ಅದು 11ರಿಂದ ಭಾಗವಾಗುತ್ತದೆ. ಹಾಗಿದ್ದಮೇಲೆ ಗುಣಲಬ್ಧವೂ 11ರಿಂದ ಭಾಗವಾಗಲೇಬೇಕು. ಇಪ್ಪತ್ತಾರು ಅಂಕಿಗಳನ್ನು ಬಲಗಡೆಯಿಂದ ಕೂಡುತ್ತ ಕಳೆಯುತ್ತ ಹೋದಾಗ ನಡುವೆ ಮೈನಸ್ ಹನ್ನೊಂದರವರೆಗೆ ಇಳಿದು, ಮೇಲಕ್ಕೆ ಬಂದು, ಎಡತುದಿಯ 8ನ್ನು ಕೂಡಿಸಿದಾಗ 1 ಆಗಿ, ಕೊನೆಯ 1ನ್ನು ಕಳೆದಾಗ ಸರಿಯಾಗಿ ಸೊನ್ನೆಯಾಗುತ್ತದೆ.

ಈ ಗುಣಾಕಾರ 1982ರ ಗಿನ್ನೆಸ್ ಪುಸ್ತಕದಲ್ಲಿ ಸೇರಿತು. ದಾಖಲೆಯ ಪ್ರಮಾಣಪತ್ರ ಮಾತ್ರ 2020ರ ಜುಲೈ 30ರಂದು, ಆಕೆ ತೀರಿಕೊಂಡ ಏಳು ವರ್ಷಗಳ ಬಳಿಕ ಬಂದಿತು.